ಹುಣಸೆಗೇಟಿನ ಹೊರೆಗಲ್ಲು

ಎರಡನೆಯ ಚಿತ್ರದಲ್ಲಿ ಅವಳಿರಲಿಲ್ಲ.

ಕಮಲಾಕ್ಷಮ್ಮ ಎರಡೂ ಚಿತ್ರಗಳನ್ನು ಕಿಟಕಿಯ ಕೆಳಗೆ ಪಕ್ಕಪಕ್ಕದಲ್ಲಿ ಒರಗಿಸಿದಳು. ಎರಡರಲ್ಲೂ ಹುಣಸೆಗೇಟಿನ ಅದೇ ರಸ್ತೆ. ಅದೇ ಬೇವಿನ ಮರ, ಅದೇ ಮೈಲಿಗಲ್ಲು, ಸಿರಾ ಕಡೆಗೆ ಇಳಿಯುವ ಅದೇ ಕೆಂಪು ಧೂಳು.

ಮೊದಲನೆಯದರಲ್ಲಿ ಬೇವಿನ ಕೆಳಗೆ ಅರವಟ್ಟಿಗೆ ಇತ್ತು. ಗರಿಯ ಚಪ್ಪರ, ಮರಳಿನ ಮೇಲೆ ಕೂರಿಸಿದ ಮಣ್ಣಿನ ಹರವಿಗಳು, ದಾರಿಹೋಕನೊಬ್ಬನ ಬೊಗಸೆಗೆ ಬಾಗಿ ನೀರು ಹೊಯ್ಯುತ್ತಿರುವ ಹೆಂಗಸು. ಕಾಣುವುದು ಬೆನ್ನು ಮಾತ್ರ. ಅವಳು ಗಂಗರತ್ನ ಎಂದು ಅವಳ ತಾಯಿ ನೋಡಿದ ಕೂಡಲೇ ಹೇಳಿದ್ದಳು.

ಎರಡನೆಯದರಲ್ಲಿ ಚಪ್ಪರವಿಲ್ಲ, ಹರವಿಗಳಿಲ್ಲ. ಅವಳು ನಿಂತಿದ್ದ ಜಾಗದಿಂದ ಸ್ವಲ್ಪ ಆಚೆಗೆ ಎರಡು ಕಂಬಗಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಹಾಕಿತ್ತು.

"ಮೇಷ್ಟ್ರೇ, ಈ ಕಲ್ಲು?"

ರೇಣುಕಯ್ಯ ಕುಂಚ ತೊಳೆಯುತ್ತಿದ್ದರು. ಮಧುಗಿರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬೆಟ್ಟದ ಬುಡದಲ್ಲಿ ಒಂದೇ ಕೋಣೆಯ ಮನೆ. ಗೋಡೆಯ ತುಂಬ ಅವರ ಚಿತ್ರಗಳು: ಮರದ ಕೆಳಗೆ ಕೂತ ಕ್ಷೌರಿಕ, ಕಡಲೆಕಾಯಿ ಹುರಿಯುವ ಮುದುಕಿ, ಮೂಗು ಬಿಚ್ಚಿಕೊಂಡು ನಿಂತ ಇದ್ದಿಲು ಬಸ್ಸು, ಅದರ ಕೆಳಗೆ ಮಲಗಿದ ಡ್ರೈವರನ ಎರಡು ಕಾಲು. ಎಲ್ಲ ರಸ್ತೆಬದಿಯದೇ. ಅವರು ಹುಟ್ಟಿದ್ದು ಸಿರಾದ ರಸ್ತೆಬದಿಯ ಅಂಗಡಿಯೊಂದರ ಹಿಂದೆ. ಯಾವುದನ್ನೂ ಎದುರಿಗೆ ಕೂತು ಬರೆಯುತ್ತಿರಲಿಲ್ಲ. ನೋಡಿ ಬಂದು, ತಿಂಗಳು ಬಿಟ್ಟು, ಉಳಿದದ್ದನ್ನು ಬರೆಯುತ್ತಿದ್ದರು.

"ಹೊರೆಗಲ್ಲು. ಸಂಕ್ರಾಂತಿಗೆ ಸಿರಾಕ್ಕೆ ಹೋಗಿದ್ದೆನಲ್ಲ, ಆಗ ನೋಡಿದ್ದು. ಬಸ್ಸು ಅಲ್ಲೇ ಕೆಟ್ಟು ನಿಂತಿತ್ತು."

"ಚಿತ್ರ ತುಂಬಿಕೊಳ್ಳಲಿ ಅಂತ ಸೇರಿಸಿದ್ದಲ್ಲ ತಾನೇ?"

ಅವರ ಮುಖ ಗಂಟಾಯಿತು. "ನಾನು ಸೇರಿಸೋದಿಲ್ಲ ಕಮಲಾಕ್ಷಮ್ಮನವರೇ. ಬಿಡ್ತೀನಿ, ಸೇರಿಸೋದಿಲ್ಲ. ಚಪ್ಪಡಿಯ ಎಡಗಡೆ ಮೂಲೆ ನೋಡಿ, ಒಡೆದಿದೆ. ಅಲ್ಲಿ ಇದ್ದದ್ದೇ ಹಾಗೆ." ಆಮೇಲೆ ನಕ್ಕರು. "ನನ್ನ ಚಿತ್ರವನ್ನ ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಕೊನೆಗೆ ನೋಡಿದವರೂ ಕಲ್ಲು ನೋಡೋಕೆ ನೋಡಿದ್ರಿ."

ಕಮಲಾಕ್ಷಮ್ಮ ನಗಲಿಲ್ಲ. ಹೋದ ವಾರ ಅವಳು ಅದೇ ರಸ್ತೆಯಲ್ಲಿ ಹೋಗಿ ಬಂದಿದ್ದಳು. ಬೇವಿತ್ತು, ಮೈಲಿಗಲ್ಲಿತ್ತು. ಹೊರೆಗಲ್ಲು ಇರಲಿಲ್ಲ.

"ಇದನ್ನ ಯಾರಿಗೋಸ್ಕರ ನಿಲ್ಲಿಸ್ತಾರೆ, ಗೊತ್ತಲ್ಲ?" ಎಂದಳು.

ರೇಣುಕಯ್ಯ ಕುಂಚವನ್ನು ನೀರಿನಲ್ಲೇ ಬಿಟ್ಟರು.

ತಲೆಹೊರೆಯವರು ಯಾರ ಕೈಯನ್ನೂ ಕಾಯದೆ ಹೊರೆಯನ್ನು ಆ ಚಪ್ಪಡಿಯ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದು. ಒಂಟಿಯಾಗಿ ನಡೆಯುವವರಿಗೆಂದು ಇರುವ ಕಲ್ಲು. ಆದರೆ ಈ ಸೀಮೆಯಲ್ಲಿ ಅದನ್ನು ಸುಮ್ಮನೆ ನಿಲ್ಲಿಸುವುದಿಲ್ಲ. ಬಸುರಿ ಹೆಂಗಸು ಹೆರದೆ ಸತ್ತರೆ ಅವಳ ಮನೆಯವರು ನಿಲ್ಲಿಸುತ್ತಾರೆ. ಇಳಿಸಲಾರದ ಹೊರೆಯೊಡನೆ ಹೋದವಳು. ದಾರಿಯಲ್ಲಿ ಯಾರೋ ತಮ್ಮ ಹೊರೆ ಇಳಿಸಿದಾಗಲೆಲ್ಲ ಅವಳದೂ ಅಷ್ಟು ಇಳಿಯುತ್ತದೆ ಎಂದು ನಂಬಿಕೆ.

"ಗೊತ್ತು," ಎಂದರು ರೇಣುಕಯ್ಯ. "ಬರೆಯುವಾಗ ಯೋಚನೆ ಮಾಡಲಿಲ್ಲ. ಬರೀ ನೆರಳು ಎತ್ತ ಬಿದ್ದಿದೆ ಅಂತ ನೋಡ್ತಿದ್ದೆ." ಆಮೇಲೆ ಕೇಳಿದರು: "ಅವಳ ತಾಯಿಗೆ ಹೇಳ್ತೀರಾ?"

"ಏನಂತ ಹೇಳಲಿ?"

ಎರಡು ಚಿತ್ರಗಳನ್ನೂ ಸುರುಳಿ ಸುತ್ತಿ ಕೊಡಿ ಎಂದು ಅವಳು ಕೇಳಿದಳು. ಅವರು ಹಳೆಯ ಪಂಚೆಯೊಂದರಲ್ಲಿ ಸುತ್ತಿ ಕೊಟ್ಟರು.

*

ಗಂಗರತ್ನ ಕಾಣೆಯಾದದ್ದು ಕಳೆದ ಶ್ರಾವಣದಲ್ಲಿ. ಬಸ್ಸಿನ ಕ್ಲೀನರ್ ಒಬ್ಬನ ಜೊತೆ ಓಡಿಹೋದಳು ಎಂದು, ಹುಣಸೆಗೇಟಿನಲ್ಲಿ ಹೋಟ್ಲು ಇಟ್ಟಿದ್ದ ಗಂಡ ಅಂಜನಪ್ಪ ಹೇಳಿದ. ಊರು ನಂಬಿತು. ನಂಬದೆ ಉಳಿದವಳು ಅವಳ ತಾಯಿ ಚಿಕ್ಕಲಕ್ಷ್ಮಮ್ಮ ಒಬ್ಬಳೇ. ಅವಳು ಕಮಲಾಕ್ಷಮ್ಮನ ಮನೆಯಲ್ಲಿ ನೀರು ಸೇದಿ ಪಾತ್ರೆ ತೊಳೆಯುತ್ತಿದ್ದಳು. ಮಗಳ ವಿಷಯ ವಿಚಾರಿಸಿ ನೋಡಿ ಎಂದು ಕೇಳಿಕೊಂಡವಳೂ ಅವಳೇ.

ಅಂದು ಸಂಜೆ ಕಮಲಾಕ್ಷಮ್ಮ ಬಾಗಿಲು ತೆರೆದಾಗ ಚಿಕ್ಕಲಕ್ಷ್ಮಮ್ಮ ಹಗ್ಗ ಸುತ್ತಿಡುತ್ತಿದ್ದಳು. ತಲೆಯೆತ್ತಲಿಲ್ಲ.

"ಏನಾರ ಗೊತ್ತಾಯ್ತೇನವ್ವ?"

"ಇನ್ನೂ ಇಲ್ಲ."

"ನಂಗೇನ್ ಅವ್ಳು ಬರ್ಬೇಕು ಅಂತ ಇಲ್ಲ ಕಣವ್ವ. ಬದ್ಕವ್ಳೆ ಅಂದ್ರೆ ಅವ್ಳೆ ಅನ್ನು. ಇಲ್ಲ ಅಂದ್ರೆ ಇಲ್ಲ ಅನ್ನು. ಎಡೆ ಇಕ್ಕಾಕೂ ಆಗಾಕಿಲ್ಲ, ಇಕ್ದಂಗ್ ಇರಾಕೂ ಆಗಾಕಿಲ್ಲ. ಪಿತೃಪಕ್ಷ ಅಂಗೇ ಹೋಯ್ತು."

ಹಗ್ಗವನ್ನು ಗೂಟಕ್ಕೆ ಹಾಕಿ ಅವಳು ಹೊರಟುಹೋದಳು. ಕಮಲಾಕ್ಷಮ್ಮ ಒಬ್ಬಳಿಗೆ ಬೇಕಾದಷ್ಟು ಅನ್ನ ಮಾಡಿಕೊಂಡಳು. ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿದ ವರ್ಷವೇ ಮದುವೆ, ಮರುವರ್ಷ ಈ ಊರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸ. ಈಗ ಅವಳು ಬಾಯಿಬಿಟ್ಟು ಮಾತಾಡುವುದು ತರಗತಿಯಲ್ಲಿ ಮಾತ್ರ. ಕರೀ ಹಲಗೆಯ ಮುಂದೆ ನಿಂತು, ಒಂದರಿಂದ ಇನ್ನೊಂದು ಹೇಗೆ ಬರುತ್ತದೆ ಎಂದು ಕೊನೆಯವರೆಗೂ ಹೇಳಿ ಮುಗಿಸುವ ಅಭ್ಯಾಸ. ಮನೆಯಲ್ಲಿ ಅದನ್ನು ಕೇಳುವವರಿರಲಿಲ್ಲ.

*

ಮರುದಿನ ಸ್ಕೂಲಿಗೆ ರಜೆ ಹೇಳಿ ಬೆಳಗಿನ ಬಸ್ಸು ಹತ್ತಿದಳು. ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತ, ಏರಿನಲ್ಲಿ ಜನರನ್ನು ಇಳಿಸಿ ನಡೆಸುತ್ತ, ಅದು ಬಿಸಿಲೇರಿದ ಮೇಲೆ ಹುಣಸೆಗೇಟು ಮುಟ್ಟಿತು. ಇಳಿದವಳು ಅವಳೊಬ್ಬಳೇ.

ಬೇವಿನ ಕೆಳಗೆ ಈ ಬೇಸಿಗೆ ಯಾರೂ ಅರವಟ್ಟಿಗೆ ಇಟ್ಟಿರಲಿಲ್ಲ. ಮೊದಲನೆಯ ಚಿತ್ರದ ಹರವಿಗಳ ಕೆಳಗಿನ ಮರಳು ಮಾತ್ರ ಬಿಳಿಯ ಕಲೆಯಾಗಿ ಉಳಿದಿತ್ತು. ಅದರಾಚೆ ನೆಲದಲ್ಲಿ ಎರಡು ಕಡೆ ಮಣ್ಣಿನ ಬಣ್ಣ ಬೇರೆಯಾಗಿತ್ತು. ಅವಳು ಚಪ್ಪಲಿಯ ತುದಿಯಿಂದ ಒತ್ತಿದಳು. ಕಾಲು ಇಳಿಯಿತು. ಕಂಬಗಲ್ಲುಗಳ ಗುಂಡಿ. ಯಾರೋ ಮುಚ್ಚಿದ್ದರು, ಗಟ್ಟಿಯಾಗಿ ತುಳಿದಿರಲಿಲ್ಲ.

ಮೇಷ್ಟ್ರ ನೆನಪು ಸುಳ್ಳಾಡಿರಲಿಲ್ಲ.

ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಬೇವಿನ ಹತ್ತಿರ ಬಂದು ತಾನಾಗಿಯೇ ನಿಂತಳು. ನೆಟ್ಟ ಕುತ್ತಿಗೆಯಲ್ಲೇ ಒಮ್ಮೆ ಅತ್ತ ನೋಡಿ, ಉಸಿರು ಬಿಟ್ಟು ಮುಂದೆ ಹೊರಟಳು.

"ಏನಮ್ಮ, ನಿಂತು ಹೊರಟುಬಿಟ್ರಿ?"

"ಇನ್ನೇನ್ ಮಾಡಾನವ್ವ. ಇಲ್ಲೊಂದ್ ಕಲ್ಲಿತ್ತು, ಹೊರೆ ಇಳಸ್ತಿದ್ವಿ. ಕಾಲು ಮರೀವಲ್ದು, ಇಲ್ಗ್ ಬಂದ್ರೆ ನಿಂತ್ಕಂತದೆ. ಯಾವ ಮುಂಡೇಮಗ ಕಿತ್ತಾಕಿದ್ನೋ..." ಎಂದವಳು ಕಮಲಾಕ್ಷಮ್ಮನ ಖಾಲಿ ಹಣೆ ನೋಡಿ ನಾಲಿಗೆ ಕಚ್ಚಿಕೊಂಡಳು.

"ಬೈಯಿರಿ, ಪರವಾಗಿಲ್ಲ," ಎಂದು ಕಮಲಾಕ್ಷಮ್ಮ ಕೈ ಚಾಚಿದಳು. "ಇಳಿಸಿ. ನಾನು ಹಿಡ್ಕೋತೀನಿ."

"ನಿನ್ ಕೈಲೆಲ್ಲಾಯ್ತದೆ ಬುಡವ್ವ."

ಆಗಲಿಲ್ಲ. ಹೊರೆ ಇಬ್ಬರ ನಡುವೆ ದೊಪ್ಪನೆ ಬಿತ್ತು. ಹೆಂಗಸು ಸೊಂಟಕ್ಕೆ ಕೈಕೊಟ್ಟು ನಕ್ಕಳು. "ಓದ್ದೋರ ಕೈ ಕಣವ್ವ ಇದು. ಇನ್ನು ಎತ್ತಾಕ್ ನಾಕ್ ಜನ ಬೇಕು."

"ಕಲ್ಲು ಯಾವಾಗ ಬಂತು?"

"ದೀಪಾವಳಿ ಮುಂದ್ಗಡೆ. ಹೋಟ್ಲು ನರಸಿಂಹಮ್ಮ ಇಕ್ಸಿದ್ದು. ಮಗ ಹಿಂದೂಪುರಕ್ಕೆ ಸಾಮಾನ್ ತರಾಕ್ ಹೋಗಿದ್ನಲ್ಲ, ಆಗ ವಡ್ಡರನ್ನ ಕರಸಿ ನೆಡಿಸ್ಬುಟ್ಲು. ಯಾರ ಹೆಸರಲ್ಲವ್ವ ಅಂದ್ರೆ, ಸತ್ತೋದ ತಂಗಿ ಹೆಸರಲ್ಲಿ ಅಂದ್ಲು."

"ತಂಗಿ ಬಸುರಿಯಾಗಿ ಸತ್ತಿದ್ದಳಾ?"

ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದಳು. "ಇರೋಳು ಒಬ್ಳೇ ತಂಗಿ. ಬರಗೂರಲ್ಲವ್ಳೆ. ಹೋದ ಸಂತೇಲಿ ಮೆಣಸಿನಕಾಯಿಗೆ ಚೌಕಾಸಿ ಮಾಡಿ ಮಾಡಿ ಯಾಪಾರದೋನ ಜೀವ ತೆಗೀತಿದ್ಲು."

"ಮತ್ತೆ ನೀವು ಕೇಳಲಿಲ್ವಾ?"

"ಯಾಕ್ ಕೇಳಾನ? ಹೊರೆ ಇಳ್ಸಾಕೆ ಜಾಗ ಕೊಟ್ಟೋರ್ನ ಯಾರ್ದು ಏನು ಅಂತ ಕೇಳ್ತಾರೇನವ್ವ?" ಅವಳು ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡಳು. "ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಕಲ್ಲು ಮಾಯ. ರಸ್ತೆ ರಿಪೇರಿಯೋರು ಕಿತ್ತಾಕಿದ್ರು ಅಂತಾಳೆ ನರಸಿಂಹಮ್ಮ. ನಂಗ್ ಗೊತ್ತಿಲ್ಲಪ್ಪ. ಇದನ್ನ ಇಕ್ದೋರೇ ತೆಗೀಬೇಕೇ ಹೊರ್ತು ಬ್ಯಾರೇರು ಮುಟ್ಟಾಕಿಲ್ಲ. ಮುಟ್ಟಿದೋರ ಮನೆ ಹೆಣ್ಮಕ್ಳಿಗೆ ಹೆರಿಗೆ ಕಷ್ಟ."

ಹೊರೆ ಎತ್ತಿಕೊಡಲು ಎರಡು ಸಲ ಸೋತು ಮೂರನೆಯ ಸಲಕ್ಕೆ ಗೆದ್ದರು. ಹೆಂಗಸು ಸಿರಾ ಕಡೆಗೆ ಇಳಿದುಹೋದಳು.

ರಸ್ತೆಯ ಅಂಚಿನಲ್ಲಿ ಜಲ್ಲಿಯ ಗುಪ್ಪೆಯೊಂದಿತ್ತು. ಅದರ ಮೇಲೆ ಎಕ್ಕದ ಗಿಡ ಮೊಣಕಾಲೆತ್ತರ ಬೆಳೆದು ಹೂ ಬಿಟ್ಟಿತ್ತು. ಯುದ್ಧ ಶುರುವಾದ ಮೇಲೆ ಈ ರಸ್ತೆಯನ್ನು ರಿಪೇರಿಯವರು ಮುಟ್ಟಿದಂತಿರಲಿಲ್ಲ.

*

ಅಂಜನಪ್ಪನ ಹೋಟ್ಲು ಕವಲಿನಲ್ಲೇ ಇತ್ತು. ಎಡಕ್ಕೆ ಸಿರಾ, ಬಲಕ್ಕೆ ಪಾವಗಡದ ಕಡೆ ಹೋಗುವ ಗಾಡಿದಾರಿ. ಗೋಡೆಗೆ ಒರಗಿಸಿದ ಸೈಕಲ್ಲು. ಬೆಂಚಿನ ಮೇಲೆ ಇಬ್ಬರು ಗಾಡಿಯವರು ಬೋಂಡ ತಿನ್ನುತ್ತಿದ್ದರು. ಒಳಗೆ ಒಲೆಯ ಮುಂದೆ ಅವನ ತಾಯಿ ನರಸಿಂಹಮ್ಮ, ಸಣಕಲು ಮುದುಕಿ.

"ಬನ್ನಿ ಬನ್ನಿ ಟೀಚರಮ್ಮ," ಎಂದ ಅಂಜನಪ್ಪ. ಹಿಂದೆ ಎರಡು ಸಲ ಅವಳು ಬಂದಾಗಲೂ ಹೀಗೇ ಕರೆದಿದ್ದ. ಹೆಗಲ ಟವಲಿನಿಂದ ಬೆಂಚು ಒರೆಸಿದ. "ಕಾಫಿ ಕುಡೀರಿ. ಬೆಲ್ಲದ್ದು. ಸಕ್ಕರೆ ಎಲ್ಲಾ ಸರ್ಕಾರದೋರು ಎಣಿಸ್ಕೊಂಡ್ ಕೂತವ್ರೆ."

"ಇನ್ನೊಂದ್ ತಿಂಗ್ಳು ತಡ್ಕಳಿ ಅಮ್ಮಾವ್ರೇ," ಎಂದ ಒಬ್ಬ ಗಾಡಿಯವನು, "ಇವ್ನಿಗೆ ಎರಡ್ನೇ ಹೆಂಡ್ತಿ, ಮಡಕಶಿರಾ ಹೆಣ್ಣು ಬತ್ತಾಳೆ. ಆಮೇಕೆ ಇಲ್ಲಿ ಬನ್ನಿ ಬನ್ನಿ ಅನ್ನಂಗಿಲ್ಲ. ರಂಡಿ ರಂಡಿ, ಕೂರ್ಚೋಂಡಿ ಅಂತ ತೆಲುಗಲ್ಲಿ ಕರೀತಾರೆ."

"ಬಾಯ್ ಮುಚ್ಕೊಂಡ್ ತಿನ್ನಲಾ," ಎಂದ ಅಂಜನಪ್ಪ, ನಗುತ್ತಲೇ.

ಕಮಲಾಕ್ಷಮ್ಮ ಪಂಚೆ ಬಿಚ್ಚಿ ಮೊದಲ ಚಿತ್ರವನ್ನು ಬೆಂಚಿನ ಮೇಲೆ ಹರಡಿದಳು. ಗಾಡಿಯವರು ಬಗ್ಗಿ ನೋಡಿದರು. "ಹೋ, ನಮ್ ಬೇವಿನ್ ಮರ! ಅಲ್ನೋಡ್ಲಾ, ಹರವಿ!"

ಅಂಜನಪ್ಪ ಬಹಳ ಹೊತ್ತು ನೋಡಿದ. ಅವನ ಹೆಬ್ಬೆರಳು ಹೆಂಗಸಿನ ಬೆನ್ನಿನ ಮೇಲೆ ಬಂದು ನಿಂತಿತು.

"ಬೆನ್ ಬರ್ದವ್ರೆ. ಮಕ ಬರ್ದಿಲ್ಲ. ಒಳ್ಳೇದಾಯ್ತು ಬುಡಿ."

ಅವಳು ಎರಡನೆಯದನ್ನು ಹರಡಿದಳು. ಒಳಗೆ ಎಣ್ಣೆಯಲ್ಲಿ ಜಾಲರಿ ಆಡುವ ಸದ್ದು ನಿಂತಿತು.

"ಈ ಕಲ್ಲು ಯಾರದು?"

"ಅದಾ? ನಮ್ ಚಿಕ್ಕವ್ವನ ಹೆಸರಲ್ಲಿ ಅವ್ವ ಇಕ್ಸಿದ್ದು. ರಸ್ತೆಯೋರು ಕಿತ್ತಾಕಿದ್ರು."

"ನಿಮ್ಮ ಚಿಕ್ಕವ್ವ ಹೋದ ಸಂತೇಲಿ ಮೆಣಸಿನಕಾಯಿ ಕೊಂಡ್ಲಂತೆ."

ಗಾಡಿಯವನು ಕಿಸಕ್ಕನೆ ನಕ್ಕ. ನಕ್ಕವನೇ ಅಂಜನಪ್ಪನ ಮುಖ ನೋಡಿ ಎಲೆ ಮಡಚಿದ.

"ಲೇ, ನೀವ್ ಹೊಂಡ್ರಲಾ," ಎಂದ ಅಂಜನಪ್ಪ ಮೆಲ್ಲಗೆ. "ಎತ್ತು ಬಿಸ್ಲಲ್ ನಿಂತವೆ."

ಅವರು ಹೋದರು. ಗಾಡಿಗಳ ಸದ್ದು ದೂರವಾಯಿತು.

"ಗಂಗರತ್ನ ಬಸುರಿಯಾಗಿದ್ದಳು," ಎಂದಳು ಕಮಲಾಕ್ಷಮ್ಮ.

"ಯಾರಂದ್ರು?"

"ಕಲ್ಲು ಅಂದಿತು. ಓಡಿಹೋದವಳಿಗೆ ಯಾರೂ ಹೊರೆಗಲ್ಲು ನಿಲ್ಲಿಸೋದಿಲ್ಲ. ನಿಮ್ಮ ತಾಯಿಗೆ ಅವಳು ಸತ್ತದ್ದು ಗೊತ್ತಿತ್ತು. ಹೊಟ್ಟೆಯಲ್ಲಿ ಮಗು ಇದ್ದದ್ದೂ ಗೊತ್ತಿತ್ತು. ಸುಮ್ಮನಿರೋಕೆ ಆಗಲಿಲ್ಲ. ನೀವು ಹಿಂದೂಪುರಕ್ಕೆ ಹೋದಾಗ ನಿಲ್ಲಿಸಿದ್ರು. ನೀವು ಬಂದು ನೋಡಿದ್ರಿ. ಕೀಳೋಕೆ ನಿಮಗೂ ಧೈರ್ಯ ಬರಲಿಲ್ಲ."

ಅಂಜನಪ್ಪ ಕೋಪಗೊಳ್ಳಲಿಲ್ಲ. ಟವಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. "ಕಲ್ಲು ಮಾತಾಡಿದ್ನ ಯಾವ ಕೋರ್ಟಲ್ ಬರ್ಕೊಂತಾರೆ ಟೀಚರಮ್ಮ? ಓದ್ದೋರು ನೀವು. ಕೂತ್ಕಳಿ. ಕಾಫಿ ಕುಡ್ದು ಹೋಗಿ."

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷದಿಂದ ಅವಳಿಗೆ ಯಾವುದೂ ಆಗಬೇಕಾದ ಹಾಗೆ ಆಗುತ್ತಿರಲಿಲ್ಲ. ಅವಳು ಒಳಗೆ ನೋಡಿದಳು. ನರಸಿಂಹಮ್ಮ ಒಲೆಯ ಮುಂದೆ ಹಾಗೇ ಕೂತಿದ್ದಳು. ಬಾಣಲೆಯಲ್ಲಿ ಬೋಂಡ ಕಪ್ಪಾಗುತ್ತಿತ್ತು. ಮುದುಕಿ ಮಾತಾಡುವುದಾದರೆ ಗಂಡಸು ಇಲ್ಲದ ಕಡೆ ಮಾತ್ರ ಆಡುತ್ತಾಳೆ.

"ಅಜ್ಜೀ, ನಾನು ಸ್ವಲ್ಪ ಹಿತ್ತಲಿಗೆ ಹೋಗಿ ಬರಬೇಕು."

ಮುದುಕಿ ಬೆಚ್ಚಿದಳು. "ಹಿತ್ಲಿಗಾ? ಅಲ್ಲಿ ಎಲ್ಲಾ ಗಲೀಜು ಕಣವ್ವ. ನೀರು ಇಲ್ಲೇ ತಂದ್ಕೊಡ್ತೀನಿ."

"ನೀರಿಗಲ್ಲ."

ದೂರದಿಂದ ಬಂದ ಹೆಂಗಸು ಹಾಗೆ ಕೇಳಿದರೆ ಯಾವ ಮನೆಯವರೂ ಇಲ್ಲ ಎನ್ನುವಂತಿಲ್ಲ. ಅಂಜನಪ್ಪ ತಾನೇ ಮುಖ ಆಚೆ ತಿರುಗಿಸಿ ಕಾಫಿಗೆ ನೀರಿಟ್ಟ. ಮುದುಕಿ ಸೆರಗು ಹೊದ್ದುಕೊಂಡು ಅವಳ ಹಿಂದೆಯೇ ಬಂದಳು.

*

ಬಚ್ಚಲ ಹಿಂದೆ ಒಂದು ಸಣ್ಣ ಜಾಗ. ಸುತ್ತ ಕಳ್ಳಿಬೇಲಿ. ಹೆಂಗಸರು ಬಟ್ಟೆ ಒಗೆಯುವ ಕಡೆ. ಗಂಡಸರು ಅತ್ತ ಬರುವುದಿಲ್ಲ.

ಒಗೆಯುವ ಕಲ್ಲು ಉದ್ದದ ಚಪ್ಪಡಿ. ಮೇಲೆ ಸಬೂನಿನ ನೀರು ಇನ್ನೂ ಆರಿರಲಿಲ್ಲ. ಕಮಲಾಕ್ಷಮ್ಮ ಅದರ ತುದಿಯವರೆಗೆ ಕಣ್ಣು ಹಾಯಿಸಿದಳು.

ಎಡಗಡೆ ಮೂಲೆ ಒಡೆದಿತ್ತು.

ಅವಳು ಬಗ್ಗಿ ಕೈಯಿಟ್ಟಳು. ಚಿತ್ರದಲ್ಲಿ ಕಂಡ ಅದೇ ಓರೆ.

"ಇಲ್ಲಿದೆ," ಎಂದಳು. "ಅಜ್ಜೀ, ಇದನ್ನ ನೀವೇ ತೆಗೆಸಿದ್ದು."

"ಮೆತ್ತಗವ್ವ," ಎಂದಳು ಮುದುಕಿ. ಅವಳ ಕೈ ಕಮಲಾಕ್ಷಮ್ಮನ ತೋಳು ಹಿಡಿದಿತ್ತು. "ಮೆತ್ತಗೆ."

ಆದರೆ ಏನೋ ಹೊಂದಲಿಲ್ಲ. ಸೊಸೆಯ ಹೆಸರಿನಲ್ಲಿ ಹೆದರಿ ಹೆದರಿ ನಿಲ್ಲಿಸಿದ ಕಲ್ಲು. ಅದನ್ನು ಮರೆಮಾಡಬೇಕಿದ್ದರೆ ಹೂಳಬಹುದಿತ್ತು, ಬಾವಿಗೆ ಹಾಕಬಹುದಿತ್ತು. ಸತ್ತ ಬಸುರಿಯ ಕಲ್ಲಿನ ಮೇಲೆ ಮನೆಯ ಬಟ್ಟೆ ಕುಕ್ಕಿ ಒಗೆಯುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ.

ಕಮಲಾಕ್ಷಮ್ಮ ತಲೆಯೆತ್ತಿದಳು. ಬೇಲಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಸೀರೆಯಲ್ಲ, ಪಂಚೆಯಲ್ಲ. ಮೆತ್ತಗಾದ ಹಳೇ ಸೀರೆಯನ್ನು ಹರಿದು ಮಾಡಿದ ಚೌಕದ ತುಂಡುಗಳು. ಒಂದರ ಪಕ್ಕ ಒಂದು, ಬೇಲಿಯ ಉದ್ದಕ್ಕೂ. ಅಂಥ ಬಟ್ಟೆ ಎಲ್ಲಿಗೆ ಬೇಕಾಗುತ್ತದೆ ಎಂದು ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ. ಅವಳಿಗೂ ಒಮ್ಮೆ ಅತ್ತೆ ಅಂಥ ತುಂಡುಗಳನ್ನು ಹರಿದಿಟ್ಟಿದ್ದರು. ಅವು ಪೆಟ್ಟಿಗೆಯಲ್ಲೇ ಉಳಿದವು.

ಈ ಮನೆಯಲ್ಲಿ ಮಗುವಿಲ್ಲ.

ಆಗ ಅವಳೊಳಗೆ ಏನೋ ಸರಿಯಿತು. ಬಹಳ ದಿನಗಳಿಂದ ಜಡವಾಗಿದ್ದ ಜಾಗದಲ್ಲಿ ರಕ್ತ ಹರಿದಂತೆ. ಸಂತೋಷ ಎಂದು ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ಅವಳು ಸತ್ತಿಲ್ಲ," ಎಂದಳು.

"ಸುಮ್ಕಿರವ್ವ."

"ಅವಳು ಸತ್ತಳು ಅಂತ ನಿಮಗೆ ಯಾರೋ ಹೇಳಿದ್ರು. ಅದಕ್ಕೆ ನಿಲ್ಲಿಸಿದ್ರಿ. ಆಮೇಲೆ ಬದುಕಿದ್ದಾಳೆ ಅಂತ ಗೊತ್ತಾಯಿತು. ಬದುಕಿರೋಳ ಹೆಸರಲ್ಲಿ ಕಲ್ಲು ನಿಂತಿರಬಾರದು, ಅಪಶಕುನ. ನಿಲ್ಲಿಸಿದವರೇ ತೆಗೀಬೇಕು. ತೆಗೆದ್ರಿ. ಈಗ ಅದು ಬರೀ ಕಲ್ಲು. ಅದಕ್ಕೇ ಒಗೀತೀರಿ."

"ಸುಮ್ಕಿರು, ನಿನ್ ಕಾಲಿಗ್ ಬ..."

"ಸಂಕ್ರಾಂತಿ ಕಳೆದ ಮೇಲೆ ತೆಗೆದದ್ದು. ದಿನವೂ ಸರಿಹೋಗುತ್ತೆ. ಹೆರಿಗೆ ಆಗಿದೆ, ಅಲ್ವಾ? ಈ ಬಟ್ಟೆ ಕಳಿಸೋದು ಅವಳಿಗೇ. ಗಂಗರತ್ನ ಬದುಕಿದ್ದಾಳೆ. ಮಗುವೂ..."

ಮುದುಕಿ ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿದಳು. ಕಡಲೆಹಿಟ್ಟು ಮೆತ್ತಿದ ಕೈ.

ಅವಳು ನೋಡುತ್ತಿದ್ದದ್ದು ಕಮಲಾಕ್ಷಮ್ಮನನ್ನಲ್ಲ, ಅವಳ ಹೆಗಲಾಚೆಗೆ.

ಬಚ್ಚಲ ಬಾಗಿಲಲ್ಲಿ ಅಂಜನಪ್ಪ ನಿಂತಿದ್ದ. ಕೈಯಲ್ಲಿ ಕಾಫಿಯ ಲೋಟ. ಅದರಿಂದ ಹೊಗೆ ಏಳುತ್ತಿತ್ತು.

ಅವನ ಮುಖದಲ್ಲಿ ಮೊದಲ ಸಲ ಏನೋ ಕದಲಿತ್ತು. ಸಿಕ್ಕಿಬಿದ್ದವನ ಮುಖ ಹಾಗಿರುವುದಿಲ್ಲ ಎಂದು ಕಮಲಾಕ್ಷಮ್ಮನಿಗೆ ಹೊಳೆಯಿತು. ರಸ್ತೆಯವರು ಕಲ್ಲು ಕಿತ್ತರೆಂದು ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅವನು ಹಾಗೆಂದೇ ತಿಳಿದಿದ್ದ. ತಾಯಿ ಹಾಗೆ ತಿಳಿಸಿದ್ದಳು.

ಹೆಂಡತಿ ಸತ್ತಳೆಂದು ಅವನಿಗೆ ಖಾತ್ರಿಯಿತ್ತು. ಅಷ್ಟು ಖಾತ್ರಿ ಇರುವುದು ಒಬ್ಬನಿಗೇ.

"ಅಂಗಾದ್ರೆ ಬದ್ಕವ್ಳೆ," ಎಂದ ಅಂಜನಪ್ಪ.

ಅವನು ಲೋಟವನ್ನು ಚಪ್ಪಡಿಯ ಮೇಲೆ ಚೆಲ್ಲದಂತೆ ಇಟ್ಟ. ಬೇಲಿಯ ಮೇಲಿನ ಒಂದು ತುಂಡು ಬಟ್ಟೆ ತೆಗೆದು, ಅಂಗೈಯಲ್ಲಿ ಹರಡಿ, ಅದರ ಅಳತೆ ನೋಡಿದ.

"ಹೆಣ್ಣಾ, ಗಂಡಾ, ಅವ್ವಾ?"

"ಯಾರಿಗ್ ಗೊತ್ತಪ್ಪ. ಈವಮ್ಮ ಏನೇನೋ ಒದರ್ತಾಳೆ. ನಂಗೇನ್ ಗೊತ್ತು."

"ಎಲ್ಲವ್ಳೆ?"

"ನಂಗೊತ್ತಿಲ್ಲ ಕಣ್ ಮಗ. ಮಂಜುನಾಥನಾಣೆಗೂ ಗೊತ್ತಿಲ್ಲ."

ಮುದುಕಿ ಬಾಯಲ್ಲಿ ಹೇಳಿದ್ದು ಅದು. ಅವಳ ಕಣ್ಣು ಮಾತ್ರ ಒಂದು ಸಲ, ತಡೆಯುವುದರೊಳಗೆ, ಬೇಲಿಯಾಚೆ ಬಲಕ್ಕೆ ಹೋಗಿ ಬಂತು. ಪಾವಗಡದ ಗಾಡಿದಾರಿಯ ಕಡೆಗೆ.

ಅಂಜನಪ್ಪ ಬಾಯಿ ನೋಡುತ್ತಿರಲಿಲ್ಲ. ಕಣ್ಣನ್ನೇ ಕಾಯುತ್ತಿದ್ದ.

ಅವನು ಬಟ್ಟೆಯ ತುಂಡನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಹಲಗೆ ಸರಿದ ಸದ್ದು. ಏನೋ ಕಬ್ಬಿಣದ್ದನ್ನು ಎತ್ತಿಕೊಂಡ ಸದ್ದು. ಆಮೇಲೆ ಸೈಕಲ್ಲಿನ ಚೈನು.

ಕಮಲಾಕ್ಷಮ್ಮ ಬೇಲಿಯ ಹತ್ತಿರ ಓಡಿದಳು. ಅವನು ಕವಲಿನಲ್ಲಿ ಬಲಕ್ಕೆ ತಿರುಗಿದ್ದ. ಆತುರವಿಲ್ಲದೆ, ಸಂತೆಗೆ ಹೋಗುವವನ ಹಾಗೆ ತುಳಿಯುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಸುತ್ತ ಎಲ್ಲೂ ಒಂದು ನರಪಿಳ್ಳೆ ಇರಲಿಲ್ಲ. ಸಿರಾದ ಬಸ್ಸು ಬರುವುದು ಹೊತ್ತು ಇಳಿದ ಮೇಲೆ. ಆ ಗಾಡಿದಾರಿಗೆ ಬಸ್ಸೇ ಇಲ್ಲ.

ನರಸಿಂಹಮ್ಮ ಒಗೆಯುವ ಕಲ್ಲಿನ ಪಕ್ಕ ಕುಸಿದಿದ್ದಳು.

"ಶ್ರಾವಣದಲ್ಲಿ ಕೆರೆ ಕಡೆಯಿಂದ ಬಂದು, ಮುಗೀತು, ಬಾಯ್ ಮುಚ್ಕೊಂಡಿರು ಅಂದ," ಎಂದಳು, ಯಾರಿಗೂ ಅಲ್ಲದಂತೆ. "ಕ್ಲೀನರ್ ಕತೆ ಅವ್ನೇ ಕಟ್ಟಿದ್ದು. ಹೊಟ್ಟೇಲಿರೋದು ನಂದಲ್ಲ ಅಂದ. ನಂಗ್ ಗೊತ್ತಿಲ್ವಾ ಯಾರ್ದು ಅಂತ? ಯಾರೋ ಪುಣ್ಯಾತ್ಮರು ಎತ್ಕೊಂಡ್ ಹೋಗಿ ಉಳಸ್ಕೊಂಡಿದ್ರು. ಸಂಕ್ರಾಂತಿ ಆದ್ಮೇಲೆ ಸುದ್ದಿ ಬಂತು. ಅವತ್ತಿಂದ ಇವತ್ತಿನ್ ಗಂಟ ಉಸಿರು ಬುಡ್ದಂಗ್ ಇದ್ದೆ. ಸತ್ತವ್ಳೆ ಅಂತ ಇವ್ನು ತಿಳ್ಕೊಂಡಿರೋ ಗಂಟ ಅವ್ಳು ಬದುಕಿರ್ತಾಳೆ ಅಂತ."

ಕಮಲಾಕ್ಷಮ್ಮ ಅವಳ ಮುಂದೆ ಮೊಣಕಾಲೂರಿದಳು.

"ಯಾವ ಊರು? ಹೇಳಿ. ಗಾಡಿಯವರು ಇನ್ನೂ ದೂರ ಹೋಗಿರೋಲ್ಲ, ಕೂಗಿ ನಿಲ್ಲಿಸ್ತೀನಿ. ಮಧುಗಿರಿಗೆ ಹೇಳಿಕಳಿಸಿ ಪೊಲೀಸರನ್ನ ಕರೆಸ್ತೀನಿ. ಅವನಿಗೆ ದಿಕ್ಕು ಮಾತ್ರ ಗೊತ್ತಾಗಿದೆ, ಊರು ಗೊತ್ತಿಲ್ಲ. ಅವನು ಪ್ರತಿ ಹಳ್ಳಿಯಲ್ಲೂ ನಿಂತು ಕೇಳಬೇಕು. ನಾನು ನೇರ ಹೋಗ್ತೀನಿ. ಊರಿನ ಹೆಸರು ಒಂದು ಹೇಳಿ ಅಜ್ಜೀ."

ಮುದುಕಿ ಬಾಯಿ ತೆರೆದಳು. ತುಟಿ ಮೊದಲ ಅಕ್ಷರಕ್ಕೆ ಕೂಡಿಕೊಂಡಿತು.

ಹಾಗೇ ನಿಂತಿತು. ಅವಳು ಕಮಲಾಕ್ಷಮ್ಮನ ಬಾಯಿಯನ್ನು, ಅದರ ಸುತ್ತ ತನ್ನ ಕೈಯಿಂದಲೇ ಮೆತ್ತಿದ್ದ ಹಿಟ್ಟನ್ನು, ನೋಡುತ್ತಿದ್ದಳು.

"ಊಹೂಂ," ಎಂದಳು. "ನಿಂಗ್ ಹೇಳಾಕಿಲ್ಲ ಕಣವ್ವ."